ಎಂಬತ್ತಕ್ಕೆ ನಿಂತ ಬ್ಯಾಟರಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕರೆಂಟು ಬರುವುದೇ ಹೋಗುವುದಕ್ಕೆ. ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಮುಗೀತು. ಲೈನ್‌ಮ್ಯಾನ್ ಕಾಡೊಳಗೆ ನುಗ್ಗಿ, ಜಿಗಣೆ ಕಿತ್ತುಕೊಳ್ಳುತ್ತಾ ಅದನ್ನು ಹುಡುಕುವವರೆಗೆ ಕತ್ತಲೆ. ಮನೆಯಲ್ಲಿ ಇನ್ವರ್ಟರ್ ಇದೆ, ಇಲ್ಲ ಅಂತಲ್ಲ. ಎರಡನೇ ದಿನಕ್ಕೆ ಅದೂ ಕೈ ಎತ್ತುತ್ತದೆ. ಹೀಗಿರುವಾಗ ಮನೆಯಿಂದ ಕಂಪ್ಯೂಟರ್ ಕೆಲಸ ಮಾಡುವವನಿಗೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಗತಿ. ನನ್ನದು ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪು, ಒಳಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್.

ಲಿನಕ್ಸಿನಲ್ಲಿ ಬ್ಯಾಟರಿಯ ಬಗ್ಗೆ ಏನನ್ನೂ ಮುಚ್ಚಿಡುವುದಿಲ್ಲ. ಯುಪವರ್ ಅನ್ನುವ ಕಮಾಂಡ್ ಕೊಟ್ಟರೆ ಸಾಕು, ಪೂರ್ತಿ ಜಾತಕ ಹೊರಗೆ ಬರುತ್ತದೆ. ನನ್ನ ಬ್ಯಾಟರಿ ಹೊಸದರಲ್ಲಿ 50 ವ್ಯಾಟ್-ಅವರ್ ಹಿಡಿಯುತ್ತಿತ್ತಂತೆ, ಈಗ 31. ಸದ್ಯ ಎಷ್ಟು ವ್ಯಾಟ್ ಖರ್ಚಾಗುತ್ತಿದೆ ಅಂತಲೂ ಅಲ್ಲೇ ಬರೆದಿರುತ್ತದೆ. 10 ವ್ಯಾಟ್ ಇದ್ದರೆ ಮೂರು ಗಂಟೆ. 7ಕ್ಕೆ ಇಳಿಸಿದರೆ ನಾಲ್ಕು ಗಂಟೆ ದಾಟುತ್ತದೆ. ಆ ಮೂರು ವ್ಯಾಟಿನ ಹಿಂದೆ ಬಿದ್ದೆ.

ಮೊದಲು ಸಿಕ್ಕಿದ್ದು ಪವರ್‌ಟಾಪ್. ಇಂಟೆಲ್ ಕಂಪನಿಯವರು 2007ರಲ್ಲಿ ಬಿಟ್ಟ ಪ್ರೋಗ್ರಾಮ್. ಪ್ರೊಸೆಸರನ್ನು ಯಾರ್ಯಾರು ಸೆಕೆಂಡಿಗೆ ಎಷ್ಟು ಸಲ ಸುಮ್ನೆ ಎಬ್ಬಿಸುತ್ತಿದ್ದಾರೆ ಅಂತ ಹೆಸರು ಹಿಡಿದು ಹೇಳುತ್ತದೆ. ಇನ್ನೊಂದು ಪುಟದಲ್ಲಿ ಒಂದೊಂದು ಭಾಗದ ಮುಂದೆಯೂ, ಕರೆಂಟ್ ಉಳಿಸುವುದರಲ್ಲಿ ಅದು 'ಗುಡ್' ಅಥವಾ 'ಬ್ಯಾಡ್' ಅಂತ ಷರಾ ಬರೆದಿರುತ್ತದೆ. ಅಷ್ಟುದ್ದಕ್ಕೂ ಬ್ಯಾಡ್ ಬ್ಯಾಡ್ ಅಂತ ಕಂಡರೆ ಯಾರಿಗೆ ತಾನೆ ತಡೆಯುತ್ತದೆ? ಎಲ್ಲವನ್ನೂ ಒಂದೇ ಏಟಿಗೆ ಗುಡ್ ಮಾಡುವ ಆಟೋ-ಟ್ಯೂನ್ ಸೌಲಭ್ಯವೂ ಇದೆ.

ಆ ಗುಡ್‌ಗಳಲ್ಲಿ ಯುಎಸ್‌ಬಿ ಮೌಸೂ ಒಂದು. ಎರಡು ಸೆಕೆಂಡ್ ಅಲ್ಲಾಡಿಸದಿದ್ದರೆ ಅದು ನಿದ್ದೆಗೆ ಜಾರುತ್ತದೆ. ಸವರಿದರೆ ಏಳುವುದಿಲ್ಲ, ಬಟನ್ ಒತ್ತಿದರೇ ಏಳುವುದು. ಅಪ್ಪಯ್ಯ ಅಡಿಕೆ ಧಾರಣೆ ನೋಡಲು ಕೂತಿದ್ದರು. ರಾಶಿ ಇಡಿಯ ರೇಟು ಓದಿ, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಬಾಣ ಕಂಬದ ಹಾಗೆ ನಿಂತಿತ್ತು. ಮೌಸನ್ನು ಮೇಜಿಗೆ ಕುಟ್ಟಿದರು. ತಿರುಗಿಸಿ ಹೊಟ್ಟೆ ನೋಡಿದರು. ಸಿಟ್ಟಿನಲ್ಲಿ ಒತ್ತಿದಾಗ ಅದು ಎದ್ದು, ಬಾಣದ ಕೆಳಗಿದ್ದ ಯಾವುದೋ ಮಂಡಿನೋವಿನ ಎಣ್ಣೆಯ ಜಾಹೀರಾತು ತೆರೆದುಕೊಂಡಿತು. "ಎಂತ ಮಾಡಿಟ್ಟಿದ್ದೀಯ ಮಾರಾಯಾ ಇದಕ್ಕೆ?" ಅಂದರು. ವಿವರಿಸಿದೆ. "ಮೌಸು ಎಷ್ಟು ಕರೆಂಟ್ ತಿನ್ನುತ್ತದೋ?" ಅಂತ ಕೇಳಿದರು. ಉತ್ತರ ಹೇಳಿಕೊಳ್ಳುವಂತೆ ಇರಲಿಲ್ಲ. ಆಟೋ-ಟ್ಯೂನ್ ರೀಸ್ಟಾರ್ಟ್ ಮಾಡಿದರೆ ತಾನಾಗಿ ಹೋಗುತ್ತದೆ, ಅದೊಂದು ಪುಣ್ಯ.

ಆಮೇಲೆ ಟಿಎಲ್‌ಪಿ ಅನ್ನುವ, ಬ್ಯಾಟರಿ ಉಳಿಸುವ ಇನ್ನೊಂದು ಪ್ರೋಗ್ರಾಮ್ ಹಾಕಿದೆ. ಇದು ಒಳ್ಳೆಯ ಪ್ರಾಣಿ. ಹಾಕಿಟ್ಟು ಮರೆತುಬಿಡಬಹುದು, ಮೌಸು ಕೀಬೋರ್ಡುಗಳನ್ನು ಮಲಗಿಸಲು ಹೋಗುವುದಿಲ್ಲ. ಇಂಥದೇ ಕೆಲಸದ ಪವರ್-ಪ್ರೊಫೈಲ್ಸ್-ಡೀಮನ್ ಅನ್ನುವ ಇನ್ನೊಬ್ಬ ಮೊದಲೇ ಠಿಕಾಣಿ ಹೂಡಿದ್ದರೆ ಮಾತ್ರ ಇಬ್ಬರಲ್ಲಿ ಒಬ್ಬನನ್ನೇ ಇಟ್ಟುಕೊಳ್ಳಬೇಕು. ಟಿಎಲ್‌ಪಿಯಲ್ಲಿ ಚಾರ್ಜಿಗೆ ಮಿತಿ ಹಾಕಬಹುದು. ಎಲ್ಲ ಲ್ಯಾಪ್‌ಟಾಪಿಗೂ ಈ ಭಾಗ್ಯ ಇಲ್ಲ, ಥಿಂಕ್‌ಪ್ಯಾಡಿಗೆ ಇದೆ. ಲಿಥಿಯಂ ಬ್ಯಾಟರಿಯನ್ನು ಸದಾ 100ರಲ್ಲೇ ಇಟ್ಟರೆ ಬೇಗ ಸೊರಗುತ್ತದೆ, ಸೆಕೆ ಸೇರಿದರಂತೂ ಕೇಳುವುದೇ ಬೇಡ. ಹಾಗಾಗಿ 75ಕ್ಕಿಂತ ಇಳಿದರೆ ಚಾರ್ಜ್ ಶುರು, 80ಕ್ಕೆ ನಿಲ್ಲು ಅಂತ ಬರೆದಿಟ್ಟೆ.

ಅಪ್ಪಯ್ಯ ಅದನ್ನು ನೋಡಿದರು. ವೈರು ಚುಚ್ಚಿದೆ, ಏರುತ್ತಿಲ್ಲ. ಚಾರ್ಜರನ್ನು ಹಾಲ್‌ನಲ್ಲಿದ್ದ ಪ್ಲಗ್ಗಿನಿಂದ ಅಡುಗೆಮನೆಗೆ, ಅಲ್ಲಿಂದ ಮಿಕ್ಸಿಯನ್ನು ಎಬ್ಬಿಸಿ ಅದರ ಜಾಗಕ್ಕೆ ಹಾಕಿ ನೋಡಿದರು. ವೈರಿನ ಬುಡ ಬಗ್ಗಿಸಿ ಕಪ್ಪು ಟೇಪು ಸುತ್ತಿದರು. ನಾನು ಬರುವಾಗ ಚಾರ್ಜರ್ ಬ್ಯಾಂಡೇಜು ಹಾಕಿಸಿಕೊಂಡು ಕೂತಿತ್ತು. "ಎಂಬತ್ತಕ್ಕೇ ಸತ್ತುಹೋಗ್ತದೆ, ಪೇಟೆಗೆ ಹೋದಾಗ ಬದಲಾಯಿಸು" ಅಂದರು. ಬೇಕಂತಲೇ ನಿಲ್ಲಿಸಿದ್ದು ಅಂದೆ. ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ.

ಅವರ ಮಾತಿನಲ್ಲೂ ನ್ಯಾಯ ಇದೆ ಅನ್ನಿ. ದಿನವಿಡೀ ಕರೆಂಟ್ ಇರುವ ಬೆಂಗಳೂರಿನ ಆಫೀಸಿಗೆ 80 ಸರಿ. ಜುಲೈ ತಿಂಗಳ ಮಲೆನಾಡಿಗೆ ಅಲ್ಲ. ಬೇಕೆಂದಾಗ ಪೂರ್ತಿ ತುಂಬಿಸಲು 'ಫುಲ್‌ಚಾರ್ಜ್' ಅಂತ ಒಂದು ಕಮಾಂಡ್ ಇದೆ. ಆದರೆ ಅದನ್ನು ಕೊಡುವಾಗ ಚಾರ್ಜರಿನಲ್ಲಿ ಕರೆಂಟ್ ಇರಬೇಕು. ನಮ್ಮ ಕರೆಂಟು ಹೇಳಿ ಹೋಗುವ ಜಾತಿಯದಲ್ಲ.

ಇಷ್ಟೆಲ್ಲ ಆದಮೇಲೆ ಒಂದು ರಾತ್ರಿ ಸುಮ್ನೆ ಸ್ಕ್ರೀನಿನ ಬೆಳಕು ಇಳಿಸುತ್ತಾ ಹೋದೆ. ಖರ್ಚು 10ರಿಂದ 8ಕ್ಕೆ ಬಂತು! ಬ್ಲೂಟೂತ್ ಆಫ್ ಮಾಡಿ, ತೆರೆದಿಟ್ಟ ಟ್ಯಾಬುಗಳನ್ನು ಮುಚ್ಚಿದೆ. 7 ಚಿಲ್ಲರೆ. ಬೆಳಕು ಇಳಿಸುವ ಬಟನ್ ಕೀಬೋರ್ಡಿನ ಮೇಲೇ ಇದೆ, ಅಮ್ಮ ಮೊದಲಿಂದ ಹೇಳುತ್ತಿದ್ದದ್ದೂ ಅದನ್ನೇ. "ಕಣ್ಣಿಗೆ ಹೊಡೆಯುತ್ತೆ, ಸ್ವಲ್ಪ ಸಣ್ಣ ಮಾಡೋ."

ಅದೇ ವಾರ ಎಲ್ಲೋ ಮರ ಬಿತ್ತು. ಇನ್ವರ್ಟರ್ ಮಲಗಿತು. ಕತ್ತಲಲ್ಲಿ ಮಂದ ಬೆಳಕು ಮಾಡಿಕೊಂಡು ಕೆಲಸಕ್ಕೆ ಕೂತೆ. ಇದ್ದಕ್ಕಿದ್ದಂತೆ ಖರ್ಚು 11 ವ್ಯಾಟ್ ದಾಟಿತು. ಹುಡುಕಿದರೆ, ಪಕ್ಕದ ಯುಎಸ್‌ಬಿ ತೂತಿನಲ್ಲಿ ಅಪ್ಪಯ್ಯನ ಮೊಬೈಲು! ಈಗಿನ 5,000 ಎಂಎಎಚ್ ಮೊಬೈಲೆಂದರೆ 19 ವ್ಯಾಟ್-ಅವರ್. ನನ್ನ ಇಡೀ ಬ್ಯಾಟರಿಯೇ 31, ಅದರಲ್ಲೂ ಎಂಬತ್ತು ಪರ್ಸೆಂಟು. ಮೌಸಿನ ನಿದ್ದೆ ಎಲ್ಲಿ, ಇದೆಲ್ಲಿ?

ಟಿಎಲ್‌ಪಿಯ ಸೆಟ್ಟಿಂಗುಗಳಲ್ಲಿ ಇದಕ್ಕೂ ಒಂದು ಸಾಲು ಇದೆ. ಫೋನ್ ಚುಚ್ಚಿದ್ದರೆ ಅದನ್ನು ಮಲಗಿಸಬೇಡ, ಚಾರ್ಜ್ ಆಗಲಿ ಅಂತ ಹೇಳುವ ಸಾಲು. ಬರೆದವರ ಮನೆಯಲ್ಲೂ ಒಬ್ಬ ಅಪ್ಪಯ್ಯ ಇದ್ದಿರಬೇಕು. ಅದನ್ನು ಓದುತ್ತಿದ್ದಾಗ ಬಾಗಿಲ ಹತ್ತಿರ ಟಾರ್ಚಿನ ಬೆಳಕು ಕಂಡಿತು. ಅಪ್ಪಯ್ಯ, ಜೊತೆಗೆ ಪಕ್ಕದ ಮನೆಯವರು.

"ಇವರದ್ದೂ ಒಂದು ಉಂಟಂತೆ. ಆ ಕಡೆ ಇನ್ನೊಂದು ತೂತು ಖಾಲಿ ಇದೆಯಲ್ವಾ?"