ಕಟ್ಟಡದ ಕಥೆ ಎಲ್ಲಿ?

ನಮ್ಮೂರಿನ ಹಳೇ ಕಚೇರಿ ಈಗ ಮ್ಯೂಸಿಯಂ. ಖುಷಿಯಿಂದಲೇ ಹೋದೆ. ವೀರಗಲ್ಲಿಗೆ ಚೀಟಿ ಇದೆ, ನಾಣ್ಯಕ್ಕೆ ಚೀಟಿ ಇದೆ. ಕಟ್ಟಡದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ! ಖಜಾನೆ ಕೋಣೆಯ ಕಬ್ಬಿಣದ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದಾರೆ. ತೇಗದ ಕಿಟಕಿಗೆ ಆಯಿಲ್ ಪೇಂಟ್ ಬಳಿದಿದ್ದಾರೆ. ನಮ್ಮಜ್ಜ ಕಂದಾಯ ಕಟ್ಟಲು ಬಂದಾಗ ಕೂರುತ್ತಿದ್ದ ಜಗಲಿ ಮೇಲೆ ನೀರಿನ ಕ್ಯಾನು. ಹೊಟ್ಟೆ ಉರಿಯುತ್ತದೆ.

ಕೋಲ್ಕತ್ತಾದ ಕರೆನ್ಸಿ ಬಿಲ್ಡಿಂಗ್ ನೋಡಿ. 1833ರದ್ದು. ಮೊದಲು ಬ್ಯಾಂಕು, 1868ರಿಂದ ಸರ್ಕಾರದ ನೋಟಿನ ಕಚೇರಿ. 1996ರಲ್ಲಿ ಕೆಡವಲು ಹೊರಟು ನಡುವಿನ ಹಜಾರದ ಗುಮ್ಮಟಗಳೇ ಹೋದವು. ಉಳಿದದ್ದನ್ನು ಪುರಾತತ್ವ ಇಲಾಖೆ ರಿಪೇರಿ ಮಾಡಿತು, 2020ರಲ್ಲಿ ಮ್ಯೂಸಿಯಂ ಆಯಿತು. ಹಜಾರ ಇದ್ದ ಜಾಗ ಈಗ ತೆರೆದ ಅಂಗಳ. ಅಲ್ಲಿ ಕಟ್ಟಡವೇ ನೋಡುವ ವಸ್ತು, ಅಲ್ವಾ? ನಮ್ಮಲ್ಲಿ ಮೊದಲು ಆ ಫ್ಲೆಕ್ಸ್ ಬಿಚ್ಚಲಿ.