‘ದಿನಕ್ಕೆ ಇಷ್ಟು ಮೆಗಾವ್ಯಾಟ್’ ಅಂತ ಬರೆಯಬೇಡಿ

"ದಿನಕ್ಕೆ 500 ಮೆಗಾವ್ಯಾಟ್ ಉತ್ಪಾದನೆ" ಅಂತ ವರದಿಗಳಲ್ಲಿ ಬರುತ್ತಲೇ ಇದೆ. ಇದು ತಪ್ಪು, ಮತ್ತು ಚಿಕ್ಕ ತಪ್ಪೂ ಅಲ್ಲ. ಮೆಗಾವ್ಯಾಟ್ ಅನ್ನೋದು ಆ ಕ್ಷಣಕ್ಕೆ ವಿದ್ಯುತ್ ಯಾವ ರಭಸದಲ್ಲಿ ಹರಿಯುತ್ತಿದೆ ಅನ್ನುವ ಅಳತೆ. 1 ಮೆಗಾವ್ಯಾಟ್ ಅಂದರೆ 1000 ಕಿಲೋವ್ಯಾಟ್. ಅದೇ ರಭಸದಲ್ಲಿ ಒಂದು ಗಂಟೆ ಹರಿದರೆ 1000 ಯೂನಿಟ್. ನಿಮ್ಮ ಮನೆಯ ಬಿಲ್ಲಿನಲ್ಲಿರುವುದೂ ಇದೇ ಯೂನಿಟ್.

ಇವೆರಡನ್ನೂ ಕಲಸಿದರೆ ಏನಾಗುತ್ತೆ ನೋಡಿ. ಪಾವಗಡ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್, ರಾಯಚೂರು ಶಾಖೋತ್ಪನ್ನ ಕೇಂದ್ರ 1720. ಪಾವಗಡವೇ ದೊಡ್ಡದು ಅನ್ನಿಸುತ್ತೆ. ಆದರೆ ರಾತ್ರಿ ಬಿಸಿಲಿಲ್ಲ. ಸಾಮರ್ಥ್ಯದ ಸರಾಸರಿ ಶೇ. 22ರಷ್ಟು ಸಿಕ್ಕಿದರೆ ಪಾವಗಡದಿಂದ ದಿನಕ್ಕೆ ಸುಮಾರು 1.08 ಕೋಟಿ ಯೂನಿಟ್. ರಾಯಚೂರು ಶೇ. 70ರಲ್ಲಿ ಓಡಿದರೆ 2.89 ಕೋಟಿ!

ಹಾಗಂತ ಮೆಗಾವ್ಯಾಟ್ ಲೆಕ್ಕಕ್ಕೆ ಬೆಲೆ ಇಲ್ಲ ಅಂತಲ್ಲ. ಹಳ್ಳಿ ಕಡೆ ಬಂದು ನೋಡಿ, ಅಲ್ಲಿ ಪಂಪ್‌ಸೆಟ್ ಸುಡೋದೇ ಒಂದೇ ಹೊತ್ತಿಗೆ ಮೆಗಾವ್ಯಾಟ್ ಹೊರೆ ಹೆಚ್ಚಾಗೋದರಿಂದ. 5 ಎಚ್‌ಪಿ ಮೋಟಾರು ಶಾಫ್ಟಿನಲ್ಲಿ ಕೊಡೋದು 3.73 ಕಿಲೋವ್ಯಾಟ್, ನಷ್ಟ ಸೇರಿಸಿದರೆ ಲೈನಿನಿಂದ ಎಳೆಯೋದು ಹತ್ತಿರಹತ್ತಿರ 4.5. ಅಂದರೆ 1 ಮೆಗಾವ್ಯಾಟ್‌ಗೆ ಸುಮಾರು 220 ಪಂಪ್‌ಸೆಟ್. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎತ್ತಿಕೊಂಡರೆ ಓಲ್ಟೇಜ್ ಕುಸಿಯುತ್ತೆ, ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತೆ, ವೈಂಡಿಂಗ್ ಕಾದು ಹೋಗುತ್ತೆ. ದಿನದ ಯೂನಿಟ್ ಎಷ್ಟೇ ಇರಲಿ, ಆ ಹೊತ್ತಿನ ಹೊರೆ ತಡೆಯದಿದ್ದರೆ ಪ್ರಯೋಜನ ಇಲ್ಲ.

ಇಲ್ಲೇ ಇನ್ನೊಂದು ಗೊಂದಲ: ಎಂವಿಎ, ಅಂದರೆ ಮೆಗಾವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಒಟ್ಟು ಎಷ್ಟು ಹೊರೆ ಹೊರಬಲ್ಲದು ಅನ್ನುವ ಅಳತೆ. ಸಬ್‌ಸ್ಟೇಷನ್ನಿನಲ್ಲಿ 12.5 ಎಂವಿಎ ಟ್ರಾನ್ಸ್‌ಫಾರ್ಮರ್ ಇದೆ ಅಂದರೆ 12.5 ಮೆಗಾವ್ಯಾಟ್ ಸಿಗುತ್ತೆ ಅಂತಲ್ಲ. ಪವರ್ ಫ್ಯಾಕ್ಟರ್ (ಆ ಹೊರೆಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.8 ಇದ್ದರೆ ಸಿಗೋದು 10 ಮಾತ್ರ. ಈ ಪಾಲನ್ನು ಹೆಚ್ಚಿಸುವ ಕೆಪ್ಯಾಸಿಟರ್ ಹಾಕಿ 0.95ಕ್ಕೆ ಏರಿಸಿದರೆ ಅದೇ ಟ್ರಾನ್ಸ್‌ಫಾರ್ಮರ್ 11.87 ಮೆಗಾವ್ಯಾಟ್ ಕೊಡುತ್ತೆ, ಇನ್ನೂ 400 ಪಂಪ್‌ಸೆಟ್‌ಗೆ ಸಾಕಾಗುವಷ್ಟು. ಮೀಟರ್ ಪೆಟ್ಟಿಗೆ ಪಕ್ಕದ ಕೆಪ್ಯಾಸಿಟರನ್ನು ದಯವಿಟ್ಟು ಕಿತ್ತು ಬಿಸಾಡಬೇಡಿ.

ಬರೆಯುವವರಿಗೆ ಇನ್ನೊಂದು ಮಾತು. ಮೆಗಾವ್ಯಾಟ್‌ನ ಇಂಗ್ಲಿಷ್ ಸಂಕೇತದಲ್ಲಿ (MW) ದೊಡ್ಡ ಎಂ ಬದಲು ಸಣ್ಣ ಎಂ ಬಿದ್ದರೆ ಅದು ಮಿಲಿವ್ಯಾಟ್. ನೂರು ಕೋಟಿ ಪಟ್ಟು ವ್ಯತ್ಯಾಸ.

ಹೊಸ ಯೋಜನೆ ಘೋಷಣೆಯಾದಾಗ ಮೆಗಾವ್ಯಾಟ್ ಕೇಳಿ ಸುಮ್ಮನಾಗದೆ, ವರ್ಷಕ್ಕೆ ಎಷ್ಟು ಯೂನಿಟ್, ದಿನದ ಯಾವ ಹೊತ್ತಿನಲ್ಲಿ ಅಂತಲೂ ಕೇಳಿ. ಬ್ಯಾಟರಿ ಘಟಕಕ್ಕಂತೂ ಎರಡೂ ಅಂಕಿ ಬೇಕೇಬೇಕು. 100 ಮೆಗಾವ್ಯಾಟ್, 200 ಮೆಗಾವ್ಯಾಟ್-ಅವರ್ (2 ಲಕ್ಷ ಯೂನಿಟ್) ಅಂದರೆ ಪೂರ್ತಿ ರಭಸದಲ್ಲಿ ಬರೀ ಎರಡು ಗಂಟೆ. ಸಂಜೆ ನಾಲ್ಕು ಗಂಟೆ ಬರಬೇಕೆಂದರೆ 50 ಮೆಗಾವ್ಯಾಟ್‌ನಂತೆ ಎಳೆಯಬೇಕು.