ಮಾಜಾಳಿ ಗೇಟಿನ ವಿಸ್ಕಿ ಶಾಸ್ತ್ರ

ಸ್ಕಾಟ್ಲೆಂಡಿನವರು ತಮ್ಮ ವಿಸ್ಕಿಯನ್ನು ಐದು ಪ್ರಾಂತ್ಯಗಳಾಗಿ ಹಂಚಿಕೊಂಡಿದ್ದಾರೆ. ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಐಲಾ, ಕ್ಯಾಂಬೆಲ್‌ಟೌನ್. ಐಲಾ ದ್ವೀಪದ್ದಾದರೆ ಹೊಗೆ ವಾಸನೆ, ಸ್ಪೇಸೈಡಿನದಾದರೆ ಹಣ್ಣಿನ ಘಮ, ಹೀಗೆ ಮೂಗಿಗೆ ಹಿಡಿದೇ ಊರು ಹೇಳುತ್ತಾರಂತೆ. ಕಾರವಾರದಲ್ಲಿ ನಮಗೆ ಅಷ್ಟೆಲ್ಲ ತಲೆಬಿಸಿ ಇಲ್ಲ. ನಮ್ಮಲ್ಲಿ ಮೂರೇ ಪ್ರಾಂತ್ಯ. ಗೋವಾದ್ದು, ಅಂಗಡಿಯದ್ದು, ಮಿಲಿಟರಿಯದ್ದು. ಕಂಪನಿ ಒಂದೇ, ಬಣ್ಣ ಒಂದೇ, ಮೂರನೇ ಪೆಗ್ಗಿನ ನಂತರ ಕೊಡುವ ಉಪದೇಶವೂ ಒಂದೇ. ಆದರೆ ಮೊದಲನೆಯದು ಸಿಕ್ಕಿಬಿದ್ದರೆ ಕೇಸು, ಎರಡನೆಯದು ಕೊಂಡರೆ ರಾಜ್ಯದ ಬೊಕ್ಕಸಕ್ಕೆ ಸೇವೆ, ಮೂರನೆಯದು ಸಿಗಬೇಕಾದರೆ ನೌಕಾಪಡೆಯಲ್ಲಿದ್ದ ಪಕ್ಕದ ಮನೆಯವರ ಜೊತೆ ಸಂಬಂಧ ಚೆನ್ನಾಗಿರಬೇಕು.

ಘಟ್ಟದ ಮೇಲಿನವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಳಿ ಸೇತುವೆ ದಾಟಿ, ಸದಾಶಿವಗಡ ಬಿಟ್ಟು ಮುಂದೆ ಹೋದರೆ ಮಾಜಾಳಿ. ಅಲ್ಲಿ ನಮ್ಮವರ ಚೆಕ್‌ಪೋಸ್ಟ್. ಆಚೆಗೆ ಪೋಳೆಂ, ಅಂದರೆ ಗೋವಾ. ಗಡಿ ದಾಟಿದ್ದೇ ತಡ ಬಾರುಗಳು ಶುರು. ಅಲ್ಲಿ ತೆರಿಗೆ ಕಡಿಮೆ, ಹಾಗಾಗಿ ಎಣ್ಣೆ ಅಗ್ಗ. ಅಲ್ಲಿ ಕೂತು ಕುಡಿದು, ಬಸ್ಸು ಹತ್ತಿ ವಾಪಸ್ ಬಂದರೆ ಅಬಕಾರಿಯವರದ್ದು ಏನೂ ತಕರಾರಿಲ್ಲ. ಅದೇ ವಿಸ್ಕಿಯನ್ನು ಪರ್ಮಿಟ್ ಇಲ್ಲದೆ ಬಾಟಲಿಯಲ್ಲಿ ತಂದರೆ ಅಪರಾಧ. ಅಂದರೆ ಸರ್ಕಾರದ ಪ್ರಕಾರ ಗೋವಾದ ವಿಸ್ಕಿಯನ್ನು ಕರ್ನಾಟಕಕ್ಕೆ ಸಾಗಿಸಲು ಇರುವ ಏಕೈಕ ಸುರಕ್ಷಿತ ಪಾತ್ರೆ ಮನುಷ್ಯನ ಹೊಟ್ಟೆ.

ಪಾತ್ರೆಯ ವಿಷಯದಲ್ಲಿ ಕಾನೂನು ಮೂಗು ತೂರಿಸುವುದು ಹೊಸದೇನಲ್ಲ ಬಿಡಿ. ಸ್ಕಾಚ್ ಅಂತ ಕರೆಸಿಕೊಳ್ಳಬೇಕಾದರೆ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು, ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು, ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನಲ್ಲೇ ಕೊಳೆಹಾಕಬೇಕು, ಬಾಟಲಿಗೆ ತುಂಬುವಾಗ ಆಲ್ಕೋಹಾಲ್ 40 ಪರ್ಸೆಂಟಿಗಿಂತ ಕಡಿಮೆ ಇರಬಾರದು, ನೀರು ಮತ್ತು ಕ್ಯಾರಮೆಲ್ ಬಣ್ಣ ಬಿಟ್ಟು ಬೇರೇನೂ ಸೇರಿಸಬಾರದು. ಅಮೆರಿಕದ ಬರ್ಬನ್ ವಿಸ್ಕಿಗೆ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ ಪೀಪಾಯಿ ಅವರಿಗೆ ಎರಡನೇ ಸಲ ಆಗುವುದಿಲ್ಲ. ಅದನ್ನು ಸ್ಕಾಟ್ಲೆಂಡಿನವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಅದರಲ್ಲೇ ತಮ್ಮ ಮಾಲು ಇಡುತ್ತಾರೆ.

ಇದರಲ್ಲಿ ಮಜಾ ಇರುವುದು ಆ ಮೂರು ವರ್ಷದ ನಿಯಮದಲ್ಲಿ. ಅದು ರುಚಿಗೆ ಅಂತ ಬಂದದ್ದೇ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕುಡಿದು ಕೆಲಸ ಕೆಡಿಸುತ್ತಾರೆ ಅಂತ ಬ್ರಿಟನ್ನಿನ ಮಂತ್ರಿ ಲಾಯ್ಡ್ ಜಾರ್ಜ್ ಸಿಟ್ಟಾಗಿದ್ದರು. ಕೊನೆಗೆ 1915ರಲ್ಲಿ, ಹಸಿ ವಿಸ್ಕಿ ಮಾರಬೇಡಿ, ಎರಡು ವರ್ಷವಾದರೂ ಇಟ್ಟು ಮಾರಿ ಅಂತ ಕಾನೂನು ಬಂತು. ಮುಂದೆ ಅದು ಮೂರು ವರ್ಷವಾಯಿತು. ಕುಡಿತ ಕಡಿಮೆ ಮಾಡಲು ತಂದ ಕಾನೂನು ಕೊನೆಗೆ ರುಚಿ ಜಾಸ್ತಿ ಮಾಡಿತು.

ನಮ್ಮ ಸರ್ಕಾರಗಳು ಕುಡಿತ ಕಡಿಮೆ ಮಾಡಲು ಮಾಡಿದ್ದೆಲ್ಲ ಏನನ್ನು ಜಾಸ್ತಿ ಮಾಡಿತು ಅಂತ ನೋಡಬೇಕಾದರೆ ಬಜೆಟ್ ಪುಸ್ತಕ ತೆಗೆಯಬೇಕು. 2007ರಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ನಿಂತಿತು, ಸಾರಾಯಿ ಕುಡಿಯುವವರು ನಿಲ್ಲಲಿಲ್ಲ, ಅವರಿಗೆಲ್ಲ ವಿಸ್ಕಿಗೆ ಬಡ್ತಿ ಸಿಕ್ಕಿತು. 2023ರ ಬಜೆಟ್ಟಿನಲ್ಲಿ ಮದ್ಯದ ಬೆಲೆಯ ಎಲ್ಲ 18 ಸ್ಲ್ಯಾಬಿನ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ. 20ರಷ್ಟು ಏರಿತು. 2025-26ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ. ಸಗಟು ವ್ಯಾಪಾರ ಪೂರ್ತಿ ಸರ್ಕಾರದ ನಿಗಮದ ಕೈಯಲ್ಲಿ. ಚಿಲ್ಲರೆಯಲ್ಲೂ ಸರ್ಕಾರದ್ದೇ ಸಂಸ್ಥೆ ಎಂಎಸ್‌ಐಎಲ್‌ನ ಅಂಗಡಿಗಳಿವೆ. ಮಕ್ಕಳಿಗೆ ನೋಟ್‌ಬುಕ್, ಅಮ್ಮಂದಿರಿಗೆ ಚೀಟಿ ಫಂಡು, ಅಪ್ಪಂದಿರಿಗೆ ಎಣ್ಣೆ, ಇಡೀ ಸಂಸಾರಕ್ಕೆ ಒಂದೇ ಸಂಸ್ಥೆ. ಇದರ ಜೊತೆಗೆ ಕುಡಿಯಬೇಡಿ ಅಂತ ಹೇಳಲಿಕ್ಕೆ ಮದ್ಯಪಾನ ಸಂಯಮ ಮಂಡಳಿ ಅಂತಲೂ ಒಂದಿದೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಿ ಅಂತ ಹೇಳುತ್ತದಲ್ಲ, ಆ ಪ್ರಯತ್ನ. 40,000 ಕೋಟಿ ಗುರಿ ಮುಟ್ಟಿಸುವವರು ಮತ್ತು ಸಂಯಮ ಕಲಿಸುವವರು ಎದುರುಬದುರು ಸಿಕ್ಕರೆ ಯಾರು ಯಾರಿಗೆ ನಮಸ್ಕಾರ ಮಾಡುತ್ತಾರೋ ಗೊತ್ತಿಲ್ಲ.

ಇಷ್ಟಕ್ಕೂ ನಾವು ಕುಡಿಯುವುದು ಎಂತದ್ದು ಅಂತ ಕೇಳಬೇಕಲ್ವಾ? ಮಾಲ್ಟ್ ವಿಸ್ಕಿ ಅಂದರೆ ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ಸಿಹಿ ಇಳಿಸಿ, ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸಿ, ಆಮೇಲೆ ಪೀಪಾಯಿಗೆ ಹಾಕಿ ಕಾಯುವುದು. ನಮ್ಮ ಅಗ್ಗದ ವಿಸ್ಕಿಗೆ ಕಾಯುವಷ್ಟು ತಾಳ್ಮೆ ಇಲ್ಲ. ಬಹುಪಾಲು ಸ್ಪಿರಿಟ್ ಬರುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ. ಅದಕ್ಕೆ ಸ್ವಲ್ಪ ಮಾಲ್ಟ್, ಸ್ವಲ್ಪ ಬಣ್ಣ, ಸ್ವಲ್ಪ ಪರಿಮಳ. ಯುರೋಪಿನವರು ಇದನ್ನು ವಿಸ್ಕಿ ಅಂತ ಮಾರಲು ಬಿಡುವುದಿಲ್ಲ. ಕಾಕಂಬಿಯಿಂದ ಬಂದದ್ದು ರಮ್ಮಿನ ಜಾತಿ ಅನ್ನುವುದು ಅವರ ವಾದ. ಜಾತಿ ಪ್ರಮಾಣಪತ್ರದ ಗಲಾಟೆ ನಮಗೇನು ಹೊಸದಾ?

ಲೇಬಲ್ಲಿನ ಮೇಲೆ ಮಾತ್ರ ಆಲ್ಕೋಹಾಲ್ 42.8 ಪರ್ಸೆಂಟ್ ಅಂತ ಬಹಳ ಶಿಸ್ತಿನಿಂದ ಬರೆದಿರುತ್ತಾರೆ. 43 ಅಲ್ಲ, 42 ಅಲ್ಲ. ಬ್ರಿಟಿಷರ ಹಳೆಯ ಪ್ರೂಫ್ ಲೆಕ್ಕದಲ್ಲಿ 75 ಡಿಗ್ರಿ ಅಂದರೆ ಇಷ್ಟು. ಬ್ರಿಟಿಷರು ಆ ಲೆಕ್ಕವನ್ನು 1980ರಲ್ಲೇ ಬಿಟ್ಟರು. ನಾವು ಬಿಡಲಿಲ್ಲ.

ಹೆಸರುಗಳೂ ಅಷ್ಟೇ. ಬೆಂಗಳೂರಿನ ಖೋಡೇಸ್‌ನವರು 1968ರಲ್ಲಿ ಪೀಟರ್ ಸ್ಕಾಟ್ ಅಂತ ವಿಸ್ಕಿ ತಂದರು. ಸ್ಕಾಚ್ ವಿಸ್ಕಿ ಅಸೋಸಿಯೇಷನ್ನಿನವರು ಈ ಹೆಸರಿನಿಂದ ಜನ ಮೋಸ ಹೋಗುತ್ತಾರೆ ಅಂತ ತಕರಾರು ತೆಗೆದರು. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೇಸ್ ಪರ ತೀರ್ಪು ಕೊಟ್ಟಿತು. ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದರೆ ಹೇಗೆ ಅನ್ನುವುದು ಒಂದು ಕಾರಣ. ಇನ್ನೊಂದು, ಇಂಥ ವಿಸ್ಕಿ ಕೊಳ್ಳುವವರು ಹಣದ ಬೆಲೆಯನ್ನೂ ಮಾಲಿನ ಗುಣವನ್ನೂ ಬಲ್ಲವರು ಅನ್ನುವುದು. ದೇಶದಲ್ಲಿ ಕುಡಿಯುವವರ ಬುದ್ಧಿಯ ಮೇಲೆ ಇಷ್ಟು ನಂಬಿಕೆ ಇಟ್ಟವರು ಬೇರೆ ಯಾರೂ ಇಲ್ಲ. ಅವರ ಮನೆಯವರಂತೂ ಇಟ್ಟಿಲ್ಲ.

ಮತ್ತೆ ಮಾಜಾಳಿಗೆ ಬರೋಣ. ಶಿರಸಿ ಕಡೆಯ ಒಂದು ಕಾರು ಅಂತ ಇಟ್ಟುಕೊಳ್ಳಿ. ಮುಂದೆ ಬಾವ, ಹಿಂದೆ ಅಕ್ಕ, ಇಬ್ಬರು ಮಕ್ಕಳು, ಅಕ್ಕನ ಮಡಿಲಲ್ಲಿ ಮಂಗೇಶಿಯ ಪ್ರಸಾದ. ಗೇಟಿನಲ್ಲಿ ಕೈ ಅಡ್ಡ ಬರುತ್ತದೆ.

"ಡಿಕ್ಕಿ ತೆಗೀರಿ."

"ದೇವಸ್ಥಾನಕ್ಕೆ ಹೋಗಿದ್ದೆವು ಮಾರಾಯ್ರೇ, ಎಂತದೂ ಇಲ್ಲ."

"ಗೋವಾಕ್ಕೆ ಹೋದವರೆಲ್ಲ ದೇವಸ್ಥಾನಕ್ಕೇ ಹೋಗೋದು ಸ್ವಾಮಿ. ತೆಗೀರಿ."

ಡಿಕ್ಕಿಯಲ್ಲಿ ತೆಂಗಿನಕಾಯಿ, ಮಕ್ಕಳ ಒದ್ದೆ ಬಟ್ಟೆ, ಗೋಡಂಬಿ ಪೊಟ್ಟಣ, ಅದರಡಿಗೆ ನಾಲ್ಕು ಸುತ್ತು ಸುತ್ತಿದ ಪಂಚೆ. ಗಾರ್ಡು ಪಂಚೆಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾನೆ. "ಇದೇನು?" "ಗೋಡಂಬಿ." "ನಿಮ್ಮ ಗೋಡಂಬಿ ಗುಳುಗುಳು ಅಂತದಲ್ಲ?" ಪಂಚೆ ಬಿಚ್ಚಿದರೆ ಒಳಗೆ ಬಾಟಲಿ, ಅದರ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಕಾನೂನಿನ ಶಿಕ್ಷೆ ಏನೇ ಇರಲಿ, ಹಿಂದಿನ ಸೀಟಿನಿಂದ "ಇದನ್ನ ಯಾವಾಗ ತಗಂಡ್ರಿ?" ಅಂತ ಒಂದು ಪ್ರಶ್ನೆ ಬರುತ್ತದಲ್ಲ, ಅದು ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಮುಗಿದರೂ ಮುಗಿಯುವುದಿಲ್ಲ.

ಹಿಡಿದ ಮಾಲಿನ ಫೋಟೋ ಬರುತ್ತದೆ. ಮೇಜಿನ ಮೇಲೆ ಬಾಟಲಿಗಳ ಸಾಲು, ಹಿಂದೆ ಸಿಬ್ಬಂದಿಯ ಸಾಲು, ಎಲ್ಲರ ಮುಖದಲ್ಲೂ ಶಾಲಾ ಕ್ರೀಡಾಕೂಟದಲ್ಲಿ ಕಪ್ ಗೆದ್ದ ಕಳೆ. ಆಮೇಲೆ ಮಾಲು ಗೋದಾಮಿಗೆ, ನಾಶ ಮಾಡಿ ಅಂತ ಆದೇಶ ಬರುವವರೆಗೆ ಅಲ್ಲೇ ವಾಸ. ಗಾಜಿನ ಬಾಟಲಿಯಲ್ಲಿ ವಿಸ್ಕಿಗೆ ವಯಸ್ಸಾಗುವುದಿಲ್ಲ, ಅದೇ ತೊಂದರೆ. ಓಕ್ ಪೀಪಾಯಿಯಲ್ಲಿ ಇಟ್ಟಿದ್ದರೆ ನಮ್ಮ ಕಡತಗಳ ವೇಗಕ್ಕೆ ಸ್ಕಾಟ್ಲೆಂಡಿನವರು ನಾಚಿಕೊಳ್ಳುವಂಥ ಮಾಲು ತಯಾರಾಗುತ್ತಿತ್ತು. ಪೀಪಾಯಿಯಿಂದ ವರ್ಷಕ್ಕೆ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಸುಮಾರು 2 ಪರ್ಸೆಂಟ್, ಬೆಂಗಳೂರಿನ ಸೆಕೆಗೆ 10 ಪರ್ಸೆಂಟ್ ದಾಟುತ್ತದೆ. ಅದು ದೇವತೆಗಳ ಪಾಲು ಅಂತ ಅವರ ಲೆಕ್ಕ. ಸೀಲ್ ಒಡೆಯದ ಬಾಟಲಿಯಿಂದ ಆವಿಯಾಗುವುದಿಲ್ಲ ಅಂತ ವಿಜ್ಞಾನ ಹೇಳುತ್ತದೆ. ಹೇಳಲಿ.

ದೇವರ ಪಾಲಿನ ಮಾತು ಬಂದರೆ ನಮ್ಮ ಕೋಡಿಬಾಗದ ಖಾಪ್ರಿ ದೇವರು ಮೇಲು. ಹರಕೆ ಹೊತ್ತವರು ಅವನಿಗೆ ಮದ್ಯ, ಸಿಗರೇಟು, ಕೋಳಿ ಎಲ್ಲ ಅರ್ಪಿಸುತ್ತಾರೆ, ಎಲ್ಲ ಎದುರಿಗೇ, ಮುಚ್ಚುಮರೆ ಇಲ್ಲ. ಬಾಟಲಿ ಪೋಳೆಂನದೋ ಕಾರವಾರದ್ದೋ ಅಂತ ಅವನು ಲೇಬಲ್ ತಿರುಗಿಸಿ ನೋಡಿದ್ದನ್ನು ಯಾರೂ ಹೇಳಿಲ್ಲ.

ಗೇರು ಹಣ್ಣಿನದ್ದೂ ಇದೇ ಕಥೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2016ರಲ್ಲಿ ಅಲ್ಲಿಯ ಸರ್ಕಾರ ಅದನ್ನು ಪರಂಪರೆಯ ಪಾನೀಯ ಅಂತ ಮಾಡಿತು. ನಮ್ಮ ಕಡೆ ಬೀಜ ತಿರುಪಿ ತೆಗೆದು ಹಣ್ಣನ್ನು ಮರದ ಬುಡಕ್ಕೇ ಎಸೆಯುತ್ತೇವೆ. ಅದನ್ನೇ ಹೆಕ್ಕಿ ಮಡಕೆಗೆ ಹಾಕಿ ಒಲೆ ಹಚ್ಚಿದರೆ ಕಳ್ಳಭಟ್ಟಿ. ಸರಿಯಾಗಿ ಗಡಿಯ ಮೇಲೆ ಒಂದು ಮರ ಇದ್ದರೆ ಆಚೆ ಬಿದ್ದ ಹಣ್ಣು ಪರಂಪರೆ, ಈಚೆ ಬಿದ್ದದ್ದು ಎಫ್‌ಐಆರ್.

ಹೆದ್ದಾರಿಯ ಪ್ರಸಂಗ ಮರೆಯುವ ಹಾಗಿಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅಂತ 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಯಲುಸೀಮೆಗೆ ಸರಿ. ನಮ್ಮ 66ನೇ ಹೆದ್ದಾರಿಗೆ ಎಷ್ಟೋ ಕಡೆ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಗುಡ್ಡ. ಪಶ್ಚಿಮಕ್ಕೆ ಅಳೆಯುತ್ತ ಹೋದರೆ ಟೇಪು ಹಿಡಿದವ ದೋಣಿ ಹತ್ತಬೇಕು, ಪೂರ್ವಕ್ಕೆ ಅಳೆದರೆ ಚಿರತೆಗೆ ಲೈಸೆನ್ಸ್ ಕೊಡಬೇಕು. ಕೇರಳದ ಪರವೂರಿನಲ್ಲಂತೂ ಒಂದು ಬಾರಿನವರು ಮುಂದೆ ಗೋಡೆ ಕಟ್ಟಿ, ಹಾದಿಯನ್ನು ಸುತ್ತಿಸಿ ಸುತ್ತಿಸಿ ದೂರ ಜಾಸ್ತಿ ಮಾಡಿದ್ದರು. ಆಮೇಲೆ 20,000ಕ್ಕಿಂತ ಕಡಿಮೆ ಜನರಿರುವ ಕಡೆ 220 ಮೀಟರ್ ಸಾಕು ಅಂತಾಯಿತು. 2017ರ ಜುಲೈನಲ್ಲಿ ನಗರಸಭೆ, ಪುರಸಭೆ ವ್ಯಾಪ್ತಿಗೆ ಈ ನಿಯಮವೇ ಇಲ್ಲ ಅಂತಾಯಿತು. ಕುಡಿದ ಡ್ರೈವರ್ ನಗರಸಭೆಯ ಸ್ವಾಗತ ಕಮಾನು ಕಂಡ ಕೂಡಲೇ ನೆಟ್ಟಗಾಗುತ್ತಾನೆ ಅಂತ ಲೆಕ್ಕವೋ ಏನೋ.

ಈಗ ಬ್ರಿಟನ್ ಜೊತೆ ಒಪ್ಪಂದವೂ ಆಗಿದೆ, 2025ರ ಜುಲೈನಲ್ಲಿ ಸಹಿ ಬಿತ್ತು. 150 ಪರ್ಸೆಂಟ್ ಇದ್ದ ಸ್ಕಾಚ್ ಸುಂಕ ಮೊದಲು 75ಕ್ಕೆ, ಹಂತಹಂತವಾಗಿ 40ಕ್ಕೆ ಇಳಿಯಬೇಕು ಅಂತ ಮಾತು. ಐಲಾ ದ್ವೀಪದ ಜೊತೆ ನಮ್ಮ ಮಾತುಕತೆ ಮುಗಿಯಿತು, ಗಡಿಯಾಚೆಯ ಕಾಣಕೋಣದ ಜೊತೆ ಇನ್ನೂ ಶುರುವಾಗಿಲ್ಲ. ಕಾರವಾರದಿಂದ ಎರಡು ತಾಸಿನೊಳಗೆ ಮುಟ್ಟಬಹುದಾದ ಗೋವಾದ ಕುಂಕಳ್ಳಿಯಲ್ಲಿ, ಬೆಂಗಳೂರಿನದ್ದೇ ಕಂಪನಿ ಪೌಲ್ ಜಾನ್ ಅನ್ನುವ ಒಳ್ಳೆಯ ಸಿಂಗಲ್ ಮಾಲ್ಟ್ ಮಾಡುತ್ತದೆ. 2012ರಲ್ಲಿ ಮೊದಲು ಬಿಡುಗಡೆಯಾದದ್ದು ಲಂಡನ್ನಿನಲ್ಲಿ. ಗೋವಾ ರೇಟಿನ ಬಾಟಲಿಯನ್ನು ಅಲ್ಲಿಂದ ನೀವು ಸೀದಾ ಮನೆಗೆ ತರುವ ಹಾಗಿಲ್ಲ. ಆದರೆ ದಾರಿ ಇಲ್ಲ ಅಂತಿಲ್ಲ. ಲಂಡನ್ನಿಗೆ ಹೋಗಿ ಅಲ್ಲಿ ಅದೇ ಬಾಟಲಿ ಕೊಳ್ಳಿ, ಬೆಂಗಳೂರಿಗೆ ವಿಮಾನ ಹತ್ತಿ, ವಿದೇಶದಿಂದ ಬರುವವರಿಗೆ ಎರಡು ಲೀಟರ್ ತನಕ ಕಸ್ಟಮ್ಸ್ ಸುಂಕ ಇಲ್ಲ. ಆಮೇಲೆ ರಾತ್ರಿ ರೈಲು ಹಿಡಿದು ಬೆಳಿಗ್ಗೆ ಕಾರವಾರಕ್ಕೆ ಇಳಿಯಿರಿ. ಟಿಕೆಟ್ ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ವೀಸಾ ಸಿಕ್ಕರೂ ಸಿಗಬಹುದು, ಪಂಚಗಂಗಾದಲ್ಲಿ ಬರ್ತ್ ಸಿಗುವುದು ಕಷ್ಟ.